ಬರ್ತೀವಿ ಅಂದ ಮೇಲೆ

ಲಿಫ್ಟ್ ರಿಪೇರಿ ಮಾಡುವವನಿಗೆ ಸದ್ದೆಂದರೆ ಅನುಮಾನ. ಹಗ್ಗ ಕಿರ್ರೆಂದರೆ ಒಂದು ರೋಗ, ಬಾಗಿಲು ಟಕ್ಕೆಂದರೆ ಇನ್ನೊಂದು. ಸದ್ದೇ ಇಲ್ಲದೆ ಇಳಿಯುವ ಲಿಫ್ಟ್ ಕಂಡರಂತೂ ಇದು ಏನೋ ಮುಚ್ಚಿಡುತ್ತಿದೆ ಎಂದೇ ಲೆಕ್ಕ. ಈ ವಿದ್ಯೆಯನ್ನು ಕೆಲಸದ ಜಾಗದಲ್ಲೇ ಬಿಟ್ಟು ಬಂದಿದ್ದರೆ ಮನೆಮಂದಿಗೆ ನೆಮ್ಮದಿ ಇರುತ್ತಿತ್ತು. ನಮ್ಮ ಮೆಕ್ಯಾನಿಕ್ ಅದನ್ನೂ ಸ್ಪ್ಯಾನರ್ ಚೀಲದ ಜೊತೆ ಹೊತ್ತು ತರುತ್ತಿದ್ದ.

ಹೆಂಡತಿ, ಮಗಳು, ಅಮ್ಮನನ್ನು ಕಟ್ಟಿಕೊಂಡು ಪರದೇಶಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಾಡಿಗೆ ಮನೆಗಾಗಿ ಅಲೆದ ಅಲೆದಾಟ ನೆನೆದರೆ ಈಗಲೂ ಅವನ ಕಾಲು ನೋಯುತ್ತಿತ್ತು. ಫೋನಿನಲ್ಲಿ ಖಾಲಿ ಇರುತ್ತಿದ್ದ ಮನೆಗಳು ಇವರ ಮುಖ ಕಂಡೊಡನೆ ಭರ್ತಿಯಾಗಿಬಿಡುತ್ತಿದ್ದವು. ಕೊನೆಗೆ ಒಬ್ಬ ಪುಣ್ಯಾತ್ಮ ಮೇಲಿನ ಮಹಡಿಯ ಮನೆ ಕೊಟ್ಟಿದ್ದ. ಕೊಡುವಾಗ ಬೆರಳೆತ್ತಿ ಒಂದು ಮಾತನ್ನೂ ಹೇಳಿದ್ದ: "ಚಳಿಗಾಲದ ರಜೆ ಮುಗಿದ ಮೇಲೆ ಕರಾರು ಮುಂದುವರಿಸೋದೋ ಬೇಡವೋ ನೋಡೋಣ. ಕೆಳಗಿನವರಿಂದ ಒಂದೇ ಒಂದು ದೂರು ಬಂದರೂ ನನ್ನ ಕೈಲಿ ಏನೂ ಇಲ್ಲ."

ಆ ಒಂದು ಮಾತು ಮೆಕ್ಯಾನಿಕ್‌ನ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ಕೆಳಗಿನ ಮನೆಯಲ್ಲಿದ್ದವಳು ಒಬ್ಬಳೇ ಹೆಂಗಸು. ಶಾಲೆಯ ಬಸ್ಸು ಓಡಿಸುತ್ತಿದ್ದಳು. ಶಾಲೆ ಇರುವಷ್ಟು ದಿನ ಅವಳು ಕತ್ತಲಿರುವಾಗಲೇ ಹೊರಟು ದಣಿದು ಬರುತ್ತಿದ್ದಳು, ತೊಂದರೆ ಇರಲಿಲ್ಲ. ರಜೆ ಶುರುವಾಯಿತೋ ಇಲ್ಲವೋ, ಬೀದಿ ಕಡೆಯ ಕಿಟಕಿಯಲ್ಲಿ ಅವಳ ಮುಖ ಶುರುವಾಯಿತು. ಮನೆಯಲ್ಲಿ ಅವಳಿಗೆ ಕಿಟಕಿಯಮ್ಮ ಎಂದು ಹೆಸರು ಬಿತ್ತು.

ಇಲ್ಲಿ ಅವನ ಅಮ್ಮನ ಸಂಗತಿ ಸ್ವಲ್ಪ ಹೇಳಬೇಕು. ಬಂದ ಹೊಸದರಲ್ಲಿ ಆಕೆ ಮಗನನ್ನು ಕೇಳಿದ್ದಳು, "ಇಲ್ಲಿ ಹೊರಡೋವಾಗ ಏನಂತಾರೋ?"

"ಹೋಗ್ತೀವಿ ಅಂತಾರೆ, ಅಷ್ಟೆ."

"ಥೂ, ಬಿಡ್ತು ಅನ್ನು! ಹೋಗ್ತೀವಿ ಅಂತ ಯಾರಾದ್ರೂ ಬಾಯ್ಬಿಟ್ಟು ಅಂತಾರಾ? ಬರ್ತೀವಿ ಅನ್ನೋದಕ್ಕೆ ಇವರ ಭಾಷೇಲಿ ಮಾತಿಲ್ವಾ?"

ಮಾತು ಇತ್ತು. ಮಗ ಹೇಳಿಕೊಟ್ಟ. ಆ ದೇಶದ ಭಾಷೆಯಲ್ಲಿ ಅಮ್ಮನಿಗೆ ಬಂದದ್ದು ಅದೊಂದೇ, ಆದರೆ ಅದನ್ನು ಧಾರಾಳವಾಗಿ ಹಂಚಿದಳು. ತರಕಾರಿಯವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಎಲ್ಲರಿಗೂ ಕೈಮುಗಿದು "ಬರ್ತೀವಿ" ಎಂದಳು. ಹಲ್ಲಿನ ಡಾಕ್ಟರಿಗೂ ಹೇಳಿದ್ದಳು. ಆತ ಗಾಬರಿಯಾಗಿ ಮತ್ತೊಂದು ತಾರೀಖು ಕೊಟ್ಟು ಕಳಿಸಿದ್ದ. ಮನೆಯವರಿಗೂ ಅದೇ ರೂಢಿಯಾಗಿ, ನಾಲ್ವರ ಬಾಯಲ್ಲೂ ಅದೇ.

ರಜೆಯ ಮೊದಲ ದಿನ ಮೆಟ್ಟಿಲ ಬುಡದಲ್ಲಿ ಕಿಟಕಿಯಮ್ಮ ಎದುರಾದಳು. ಏನೋ ಉದ್ದಕ್ಕೆ ಹೇಳಿದಳು. ಮೆಕ್ಯಾನಿಕ್‌ಗೆ ಹಿಡಿಗೆ ಸಿಕ್ಕಿದ್ದು "ರಜೆ", "ಮನೆ", "ನೀವೆಲ್ಲ", "ಸಂಜೆ" ಇಷ್ಟೇ. ಶಾಲೆಯಲ್ಲಿ ಆ ಭಾಷೆ ಕಲಿತಿದ್ದ ಮಗಳು ಅಜ್ಜಿಯ ಕೈ ಹಿಡಿದು ಆಗಲೇ ಬೀದಿಗಿಳಿದಿದ್ದಳು, ಅರ್ಥ ಕೇಳೋಣವೆಂದರೆ ಇಲ್ಲ. ರಜೆಯಲ್ಲಿ ಸಂಜೆ ಹೊತ್ತು ಮನೆಯಲ್ಲೇ ಇರುತ್ತೀರಾ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ಅವನು ಹೂಂ ಎಂದು ತಲೆಯಾಡಿಸಿದ. ಆಮೇಲೆ ಕೈಮುಗಿದು "ಬರ್ತೀವಿ" ಎಂದ. ಅವಳ ಮುಖ ಅರಳಿತು. ಅದೇ ಅವನಿಗೆ ಹಿಡಿಸಲಿಲ್ಲ.

"ನಾವು ಮನೇಲಿ ಇರೋ ಹೊತ್ತು ಅವಳಿಗ್ಯಾಕೆ?" ಎಂದು ಹೆಂಡತಿಯನ್ನು ಕೇಳಿದ.

"ಪಾಪ, ಒಂಟಿ ಹೆಂಗಸು. ಮಾತಾಡ್ಸಿದ್ರೆ ತಪ್ಪೇನ್ರೀ?"

"ಮಾತಾಡ್ಸೋದು ಬೇರೆ ಕಣೆ, ಬಾಯಿ ಬಿಡ್ಸೋದು ಬೇರೆ."

ಹೆಂಡತಿ ಕೆಲಸ ಮಾಡುತ್ತಿದ್ದ ಲಾಂಡ್ರಿಗೂ ರಜೆ. ಅವಳು ಇಸ್ತ್ರಿಯ ಬಿಸಿಯಿಂದ ಬಿಡುಗಡೆಯಾದ ಕೈಗಳನ್ನು ಮಡಿಲಲ್ಲಿಟ್ಟು ಹಾಯಾಗಿ ಕೂರಬೇಕೆಂದಿದ್ದಳು. ಗಂಡ ಬಿಡಬೇಕಲ್ಲ. ಎಲ್ಲರೂ ಮೆಲ್ಲಗೆ ನಡೆಯಬೇಕು, ಮಗಳು ಸಾಕ್ಸ್ ಹಾಕಿಕೊಂಡೇ ಆಡಬೇಕು, ನಲ್ಲಿ ಜೋರಾಗಿ ಬಿಡಬಾರದು ಎಂದು ಒಂದೊಂದಾಗಿ ಕಟ್ಟಳೆ ಹೊರಟವು.

ಲಿಫ್ಟುಗಳಿಗೆ ರಜೆಯಿಲ್ಲ, ಅದರಲ್ಲೂ ಚಳಿಗೆ ಅವು ಹೆಚ್ಚೇ ಮುನಿಸಿಕೊಳ್ಳುತ್ತವೆ. ಕರೆ ಬಂದಾಗಲೆಲ್ಲ ಅವನು ಹೊರಡುತ್ತಿದ್ದ. ಕಿಟಕಿಯಲ್ಲಿ ಅವಳು. ಸಭ್ಯತೆಗೆ "ಬರ್ತೀವಿ" ಎನ್ನುತ್ತಿದ್ದ. ಅವಳು ಜೋರಾಗಿ ತಲೆಯಾಡಿಸುತ್ತಿದ್ದಳು. ಸಂಜೆ ತಿರುಗಿ ಬಂದು ಮೆಟ್ಟಿಲು ಹತ್ತುವಾಗ ಅವಳ ಬಾಗಿಲು ಬೆರಳಗಲ ತೆರೆಯುತ್ತಿತ್ತು. ಇವನು ದಾಟಿ ಮೇಲೆ ಹೋದ ಮೇಲೆ ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತು. ಇದೇನು ಕಾವಲೋ ಪತ್ತೇದಾರಿಯೋ ಎಂದು ಅವನಿಗೆ ಬೆನ್ನೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಒಣಮೆಣಸಿನಕಾಯಿ, ಸಾಸಿವೆ ಹಾಕಿ ಒಗ್ಗರಣೆ ಕೊಟ್ಟಳು, ಊರಿನಲ್ಲಿ ಕೊಡುವ ಹಾಗೆಯೇ, ಏಳು ಮನೆಗೆ ಕೆಮ್ಮು ಬರುವಂತೆ. ಗೋಡೆಯ ಮೇಲಿದ್ದ ಹೊಗೆ ಗಂಟೆ ಬೊಬ್ಬೆ ಹೊಡೆಯಿತು. ಎಲ್ಲರೂ ಟವೆಲು ಬೀಸುತ್ತಿರುವಾಗ ಬಾಗಿಲು ತಟ್ಟಿದ ಸದ್ದು. ಮೆಕ್ಯಾನಿಕ್ ಮನೆಯಲ್ಲಿರಲಿಲ್ಲ. ಸಂಜೆ ಬಂದು ಮಗಳ ಬಾಯಿಂದ ವರದಿ ಕೇಳಿದ.

"ಕೆಳಗಿನ ಆಂಟಿ ಬಂದಿದ್ರು ಅಪ್ಪ. ಅದೇನು ವಾಸನೆ ಅಂತ ಕೇಳಿದ್ರು. ಯಾವ ಡಬ್ಬಿಯಿಂದ ಹಾಕಿದ್ದು ಅಂತ ನೋಡಿದ್ರು. ಅಜ್ಜಿ ನೆಲದ ಮೇಲೆ ಕೂತು ತಿನ್ನೋದಾ ಕುರ್ಚಿ ಬೇಕಾ ಅಂತ ಕೇಳಿದ್ರು. ನಾವು ಏನು ತಿನ್ನಲ್ಲ ಅಂತಾನೂ ಕೇಳಿದ್ರು."

"ನೀನೇನಂದೆ?"

"ಎಲ್ಲಾ ಹೇಳ್ದೆ."

"ಎಲ್ಲಾ!" ಮೆಕ್ಯಾನಿಕ್ ತಲೆ ಮೇಲೆ ಕೈಹೊತ್ತು ಕೂತ.

"ಪಾಪ, ಎಷ್ಟು ಆಸೆಯಿಂದ ಮೂಸಿದ್ಲೋ," ಎಂದಳು ಅಮ್ಮ. "ಒಂದು ಹಿಡಿ ಸಾಸಿವೆ ಕಟ್ಟಿ ಕೊಟ್ಟೆ ಕಣೋ."

"ಸಾಕ್ಷೀನ ಕೈಯಾರೆ ಕೊಟ್ಟು ಕಳ್ಸಿದ್ಯಲ್ಲಮ್ಮ!"

ಅಲ್ಲಿಂದಾಚೆಗೆ ಅವನಿಗೆ ಅನ್ನ ಸೇರಲಿಲ್ಲ. ಈ ಮನೆ ಹೋದರೆ ಈ ಕೊರೆಯುವ ಚಳಿಯಲ್ಲಿ ಅಮ್ಮನನ್ನು, ಮಗುವನ್ನು ಕರೆದುಕೊಂಡು ಯಾರ ಬಾಗಿಲು ತಟ್ಟುವುದು? ಆ ಭಯ ನಿಜವಾದದ್ದು, ಅದನ್ನು ನಾವು ಗೇಲಿ ಮಾಡುವಂತಿಲ್ಲ. ಆದರೆ ಭಯಪಟ್ಟವನು ಮಾಡಿದ ಕೆಲಸಗಳಿವೆಯಲ್ಲ, ಅವಕ್ಕೆ ನಗದೆ ಇರಲೂ ಆಗದು. ಕೆಳಗಿನಿಂದ ಮರ ಉಜ್ಜುವ ಸದ್ದು ಬಂದ ಸಂಜೆ ಅವನು ನೆಲದ ಮೇಲೆ ಉದ್ದಕ್ಕೆ ಮಲಗಿ ನೆಲಕ್ಕೇ ಕಿವಿಯಿಟ್ಟ.

"ಏನೋ ಇದು ಅವತಾರ?" ಎಂದಳು ಅಮ್ಮ.

"ಶ್! ಕುರ್ಚಿ ಎಳೀತಿದ್ದಾಳೆ. ಒಂದಲ್ಲ. ಒಬ್ಬಳಿಗೆ ಅಷ್ಟು ಕುರ್ಚಿ ಯಾಕೆ? ಜನ ಸೇರಿಸ್ತಿದ್ದಾಳೆ. ಬೀದಿಯವರನ್ನೆಲ್ಲ ಕೂರಿಸ್ಕೊಂಡು ನಮ್ಮ ಮೇಲೆ ಮಸಲತ್ತು."

"ಯಾರೂ ಬಂದ ಹಾಗಿಲ್ವಲ್ರೀ," ಎಂದಳು ಹೆಂಡತಿ, ಕಿಟಕಿಯಿಂದ ಬಗ್ಗಿ ನೋಡಿ.

ನಿಜವೇ, ಯಾರೂ ಬರಲಿಲ್ಲ. ಅವಳ ಹೆಜ್ಜೆ ಒಳಗಿನಿಂದ ಬಾಗಿಲ ತನಕ ಬರುವುದು, ನಿಲ್ಲುವುದು, ತಿರುಗಿ ಹೋಗುವುದು ಅವನಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಹೀಗೆ ಹೋಗಿ ನಿಲ್ಲುವ ಯಂತ್ರವನ್ನು ಅವನು ಕಂಡಿದ್ದ, ಎಲ್ಲೋ ಯಾರೋ ಗುಂಡಿ ಒತ್ತಿ ಮರೆತಾಗ ಲಿಫ್ಟ್ ಹಾಗೆ ಮಾಡುತ್ತದೆ. ಆದರೂ ಅವನ ತಲೆ ಆ ಕಡೆಗೆ ಹೋಗಲಿಲ್ಲ.

ರಜೆಯ ಕೊನೆಯ ದಿನ ಬಂತು. ನಾಳೆ ಮಾಲೀಕನ ತೀರ್ಮಾನ. ಬೆಳಿಗ್ಗೆ ಇಡೀ ಸಂಸಾರ ಪಾರ್ಕಿಗೆ ಹೊರಟಾಗ ಕಿಟಕಿಯಮ್ಮ ಬಾಗಿಲಲ್ಲೇ ನಿಂತಿದ್ದಳು. ಈ ಸಲ ಗಡಿಯಾರ ತೋರಿಸಿ, ಒಂದೇ ಪ್ರಶ್ನೆ ಕೇಳಿದಳು. ಅವಳು ಬಾಯಿ ಮುಚ್ಚುವ ಮೊದಲೇ ಅಮ್ಮ ಕೈಮುಗಿದು "ಬರ್ತೀವಿ" ಎಂದುಬಿಟ್ಟಳು. ಮೆಕ್ಯಾನಿಕ್ ಮಗಳ ತೋಳು ಹಿಡಿದು ದರದರ ಎಳೆದುಕೊಂಡು ನಡೆದ.

"ಅಪ್ಪ, ಅವರು ಕೇಳಿದ್ದು..."

"ಏನೂ ಹೇಳ್ಬೇಡ. ಸುಮ್ನೆ ನಡಿ."

ಸಂಜೆ ಮನೆಗೆ ಬಂದು ಕೋಟು ಬಿಚ್ಚುತ್ತಿರುವಾಗ ಕೆಳಗಿನ ಮನೆಯ ಹೊಗೆ ಗಂಟೆ ಅರಚತೊಡಗಿತು. ಸುಟ್ಟ ಸಾಸಿವೆಯ ಕಮಟು ಮೆಟ್ಟಿಲುಗಳನ್ನು ಹತ್ತಿ ಮೇಲೆ ಬಂತು. ಮೆಕ್ಯಾನಿಕ್‌ಗೆ ಎಲ್ಲ ಸ್ಪಷ್ಟವಾಯಿತು, ಅಂದರೆ ಎಲ್ಲ ತಲೆಕೆಳಗಾಯಿತು.

"ನೋಡಿದ್ಯಾ? ನಮ್ಮ ಸಾಸಿವೆ ಸುಟ್ಟು ಹೊಗೆ ಹಾಕಿ, ಮೇಲಿನವರದ್ದು ಅಂತ ಮಾಲೀಕನಿಗೆ ಹೇಳ್ತಾಳೆ. ನಾಳೆ ಕರಾರು ಅಂತ ಗೊತ್ತು ಅವಳಿಗೆ!"

"ರೀ, ಒಂದು ಸಲ ಹೋಗಿ ಕೇಳಿ ಬರೋಣ, ತಡೀರಿ," ಎಂದಳು ಹೆಂಡತಿ.

ತಡೆಯುವ ಸ್ಥಿತಿ ದಾಟಿತ್ತು. ಅವಳು ಹೇಳುವ ಮೊದಲು ನಾನೇ ಹೇಳಬೇಕು ಎಂದು ಮಾಲೀಕನಿಗೆ ಫೋನು ಮಾಡಿದ. ಅವನಿಗೆ ಬರುವ ಆ ಭಾಷೆಯ ಪದಗಳನ್ನೆಲ್ಲ ಅಂದು ಖರ್ಚು ಮಾಡಿದ. ಕೆಳಗೆ ಹೊಗೆ, ದಿನಾ ಸಂಜೆ ಸದ್ದು, ನಮ್ಮನ್ನು ಕಾಯುತ್ತಾಳೆ, ಮಗುವನ್ನು ಪ್ರಶ್ನೆ ಕೇಳುತ್ತಾಳೆ. ಪಕ್ಕದ ಬೀದಿಯಲ್ಲೇ ಇದ್ದ ಮಾಲೀಕ ಊಟ ಬಿಟ್ಟು ಎದ್ದು ಬಂದ, ಮುಖ ಊದಿಸಿಕೊಂಡು.

ಮಾಲೀಕ ಮುಂದೆ, ಅವನ ಹಿಂದೆ ಮೆಕ್ಯಾನಿಕ್, ಅವನ ಹಿಂದೆ ಸಂಸಾರ. ಬಾಗಿಲು ತೆರೆಯಿತು. ಕಿಟಕಿಯಮ್ಮ ಮಾಲೀಕನನ್ನು ನೋಡಲೇ ಇಲ್ಲ. ಹಿಂದೆ ನಿಂತ ನಾಲ್ವರನ್ನು ನೋಡಿ ಅವಳ ಮುಖ ಮೊದಲ ದಿನದ ಹಾಗೆಯೇ ಅರಳಿತು.

ಒಳಗೆ ಮೇಜು. ಬಿಳಿ ಬಟ್ಟೆ, ತಟ್ಟೆಗಳು, ಮಡಿಸಿಟ್ಟ ಕರವಸ್ತ್ರ. ಒಂದಕ್ಕೊಂದು ಹೊಂದದ ಕುರ್ಚಿಗಳು, ಎಲ್ಲೆಲ್ಲಿಂದಲೋ ತಂದವು. ಮಗಳ ಎತ್ತರಕ್ಕೆ ಒಂದರ ಮೇಲೆ ದಿಂಬು. ಮೇಜಿನ ಪಕ್ಕ ನೆಲದ ಮೇಲೆ ದಪ್ಪ ಕಂಬಳಿ ಹಾಸಿ ಅದರ ಮುಂದೆ ಒಂದು ಮಣೆ, ಮಣೆಯ ಮೇಲೆ ಒಂದು ತಟ್ಟೆ. ಅಜ್ಜಿಗೆ ಯಾವುದು ಅನುಕೂಲವೋ ಎಂದು ಎರಡೂ ಇತ್ತು. ಒಲೆಯ ಮೇಲೆ ಕಪ್ಪಗೆ ಕರಕಾದ ಸಣ್ಣ ಬಾಣಲೆ.

ಮಾಲೀಕ ಬಾಣಲೆ ನೋಡಿದ, ಮಸಿ ಹಿಡಿದ ಗೋಡೆ ನೋಡಿದ, ರೇಗಿದ. ಇನ್ನೊಂದು ಸಲ ಹೀಗಾದರೆ ಬೇರೆ ಮನೆ ನೋಡಿಕೋ ಎಂದ. ಆಗ ಮೆಕ್ಯಾನಿಕ್‌ಗೆ ತಿಳಿಯಿತು, ಅವಳೂ ತನ್ನ ಹಾಗೆಯೇ ಬಾಡಿಗೆಯವಳು. ಅವಳು ಮಗಳ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದಳು.

"ಅಪ್ಪ," ಎಂದಳು ಮಗಳು. "ರಜೇಲಿ ಒಂದು ಸಂಜೆ ಎಲ್ಲರೂ ಊಟಕ್ಕೆ ಬನ್ನಿ ಅಂತ ಮೊದಲನೇ ದಿನಾನೇ ಕರೆದಿದ್ರಂತೆ. ನೀವು ಬರ್ತೀವಿ ಅಂದ್ರಂತೆ. ಆಮೇಲೆ ದಿನಾ ಬರ್ತೀವಿ, ಬರ್ತೀವಿ ಅಂತಾನೇ ಇದ್ರಂತೆ. ಅದಕ್ಕೆ ದಿನಾ ಕಾಯ್ತಿದ್ರಂತೆ. ಬೆಳಿಗ್ಗೆ ಕೇಳಿದ್ದೂ ಅದೇ, ಇವತ್ತು ಈ ಹೊತ್ತಿಗೆ ಬರ್ತೀರಾ ಅಂತ. ಅಜ್ಜಿ ಬರ್ತೀವಿ ಅಂದ್ರಲ್ಲ, ಅದಕ್ಕೆ ಅಜ್ಜಿ ಥರಾನೇ ಒಗ್ಗರಣೆ ಹಾಕೋಕೆ ಹೋಗಿ ಹೀಗಾಯ್ತಂತೆ."

ಕಿಟಕಿಯಮ್ಮ ಮತ್ತೊಂದು ಮಾತು ಕೇಳಿದಳು.

"ಮಾಲೀಕರಿಗೆ ಫೋನ್ ಮಾಡಿದ್ದು ಯಾರು ಅಂತ ಕೇಳ್ತಿದ್ದಾರೆ ಅಪ್ಪ."

ಅವನು ಬಾಯಿ ತೆರೆಯುವ ಮೊದಲೇ ಮಾಲೀಕ ಹೆಬ್ಬೆರಳಿನಿಂದ ಅವನನ್ನು ತೋರಿಸಿದ. ಬೆನ್ನು ತಟ್ಟಿದ. ಸರಿಯಾದ ಹೊತ್ತಿಗೆ ತಿಳಿಸಿದೆ, ನಿನ್ನಂಥವರು ಇರಬೇಕು, ನಾಳೆ ಬಂದು ಸಹಿ ಹಾಕು, ಮನೆ ನಿನ್ನದೇ ಎಂದು ಹೇಳಿ ಹೊರಟು ಹೋದ. ಈ ಮಾತು ಕೇಳಲು ಮೆಕ್ಯಾನಿಕ್ ರಜೆಯಿಡೀ ಜೀವ ಹಿಡಿದುಕೊಂಡು ಕಾದಿದ್ದ. ಈಗ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬರ್ತೀವಿ ಅಂದರೆ ನಮ್ಮಲ್ಲಿ ಹೋಗುತ್ತೇವೆ ಅಂತ ಅರ್ಥ, ಹೋಗುತ್ತೇವೆ ಅಂತ ನಮ್ಮ ಬಾಯಲ್ಲಿ ಬರುವುದಿಲ್ಲ, ಎಂದು ಹೇಗೆ ಹೇಳುವುದು? ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದ ಕ್ಷಮೆಯ ಮಾತು ಒಂದೇ, ಕೆಟ್ಟುನಿಂತ ಲಿಫ್ಟಿನಿಂದ ಹೊರಬಂದವರಿಗೆ ಕಂಪನಿಯವರು ಹೇಳಲು ಕಲಿಸಿದ್ದು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ," ಎಂದ. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಹೆಂಡತಿ ನೆರವಾಗಲು ಕೈಚಾಚಿದಳು. ಅವಳು ಬೇಡವೆಂದು ತಲೆಯಾಡಿಸಿದಳು.

ಅಮ್ಮನೊಬ್ಬಳಿಗೆ ಇದಾವುದೂ ಪೂರ್ತಿ ತಲೆಗೆ ಹತ್ತಿರಲಿಲ್ಲ. ಅವಳ ಕಣ್ಣು ಬಾಣಲೆಯ ಮೇಲಿತ್ತು. "ಎಣ್ಣೆ ಜಾಸ್ತಿ ಕಾದಿದೆ, ಅಷ್ಟೆ. ನಾನೇ ಬಂದು ತೋರಿಸಿಕೊಡ್ತೀನಿ ಅಂತ ಹೇಳೋ," ಎಂದಳು. ಮಗ ಹೇಳಲಿಲ್ಲ. ಅಮ್ಮ ಬಾಗಿಲಲ್ಲಿ ತಿರುಗಿ, ಎಂದಿನಂತೆ ಕೈಮುಗಿದು, ತನಗೆ ಬರುವ ಆ ಒಂದೇ ಮಾತನ್ನು ನಗುನಗುತ್ತಾ ಹೇಳಿದಳು.

ಕಿಟಕಿಯಮ್ಮ ತಟ್ಟೆ ಹಿಡಿದ ಕೈ ನಿಲ್ಲಿಸಿ ಅವಳನ್ನು ನೋಡಿದಳು. ಆಮೇಲೆ "ಹೋಗಿ," ಎಂದಳು.

ಅವರ ಭಾಷೆಯಲ್ಲಿ ಹೊರಟವರಿಗೆ ಎಲ್ಲರೂ ಹಾಗೆಯೇ ಹೇಳುವುದು. ಅಂಗಡಿಯವನು ಹೇಳುತ್ತಿದ್ದ, ಕಂಪನಿಯ ಮೇಲ್ವಿಚಾರಕನೂ ಹೇಳುತ್ತಿದ್ದ, ಮೆಕ್ಯಾನಿಕ್ ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಇಂದು ಆ ಮಾತು ನೆಟ್ಟಗೆ ಎದೆಗೆ ಬಂದು ತಗುಲಿತು. ಹಿಂದೆ ಬಾಗಿಲು ಮುಚ್ಚಿತು, ಬೆರಳಗಲವೂ ಉಳಿಸದೆ.

ಮೆಟ್ಟಿಲು ಹತ್ತುತ್ತಾ ಅಮ್ಮ ಕೇಳಿದಳು, "ಏನಂದ್ಲೋ?"

ಮಗಳು ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಅವಳಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು.

"ಹೋಗಿ ಬನ್ನಿ ಅಂದ್ರು ಅಮ್ಮ," ಎಂದ ಮೆಕ್ಯಾನಿಕ್.

"ನೋಡ್ದ್ಯಾ? ನಮ್ಮನ್ನ ನೋಡಿ ಅವಳೂ ಕಲ್ತಳು," ಎಂದು ಅಮ್ಮ ಸಂತೋಷದಿಂದ ಮುಂದಿನ ಮೆಟ್ಟಿಲು ಹತ್ತಿದಳು.