ಹಸಿರು ಪೊಟ್ಟಣ

ಯಾ-ಚುನ್ ಪ್ರಯೋಗಾಲಯದ ಬಾಗಿಲು ತೆರೆದಾಗ ಶೀತಕ ಯಂತ್ರದ ಹೊದಿಕೆಗಳೆಲ್ಲ ನೆಲದ ಮೇಲಿದ್ದವು. ಯಾರೋ ಅತಿಥಿಗಳು ಒಳಗಿನ ಚಿನ್ನದ ಬಣ್ಣದ ತಟ್ಟೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ‘ಬಿಸಿ ಮಾಡಬೇಡಿ’ ಎಂದು ಅವಳು ಅಂಟಿಸಿ ಹೋಗಿದ್ದ ಚೀಟಿ ಕಸದ ಬುಟ್ಟಿಯಲ್ಲಿತ್ತು. ಹಿರಿಯರ ಹಬ್ಬಕ್ಕೆಂದು ಅಜ್ಜನ ಸಮಾಧಿ ಶುಚಿ ಮಾಡಲು ಊರಿಗೆ ಹೋದದ್ದೇ ತಪ್ಪಾಯಿತು.

"ಅಣ್ಣಾ, ಯಾರು ಬಿಸಿ ಮಾಡಿದ್ದು?" ಹಿರಿಯ ವಿದ್ಯಾರ್ಥಿ ಬೊ-ಹಾನ್‌ನನ್ನು ಕೇಳಿದಳು.

"ಮೆಲ್ಲಗೆ ಮಾತಾಡೇ. ಗು ಸರ್ ಹೇಳಿದ್ರು. ಮುಚ್ಚಿದ ಡಬ್ಬ ನೋಡಿ ಯಾರು ಮೆಚ್ಕೋತಾರೆ ಅಂದ್ರು. ಬಿಸಿ ಮಾಡದೆ ಬಿಚ್ಚೋಕಾಗಲ್ವಲ್ಲ."

ಒಳಗಿದ್ದುದು ಕಡುಚಳಿಯಲ್ಲಿ ಮಾತ್ರ ಕೆಲಸ ಮಾಡುವ ಅವಳ ಚಿಪ್. ಅದರಲ್ಲಿ ಲೆಕ್ಕ ಮಾಡಲು ಟ್ರಾನ್ಸಿಸ್ಟರಿಲ್ಲ, ಎಲೆಕ್ಟ್ರಾನ್ ಕೂಡಿಹಾಕುವ ನಾಲ್ಕು ನಾಲ್ಕು ಕ್ವಾಂಟಮ್ ಚುಕ್ಕೆಗಳ ಪುಟ್ಟ ಮನೆಗಳು. ಮನೆಗೆ ಎರಡೇ ಎಲೆಕ್ಟ್ರಾನ್. ಒಬ್ಬರಿಗೊಬ್ಬರು ಆಗದ ಓರಗಿತ್ತಿಯರಂತೆ ಎದುರುಬದುರು ಮೂಲೆ ಹಿಡಿಯುತ್ತವೆ. ಒಂದು ಜೋಡಿ ಮೂಲೆಯಾದರೆ ಸೊನ್ನೆ, ಇನ್ನೊಂದಾದರೆ ಒಂದು. ಪಕ್ಕದ ಮನೆಯವು ಮೂಲೆ ಬದಲಿಸಿದರೆ ಇವೂ ಬದಲಿಸಬೇಕು. ವರ್ಷವಿಡೀ ವೋಲ್ಟೇಜು ತಿದ್ದಿ ತಿದ್ದಿ, ಹಬ್ಬದ ಹಿಂದಿನ ದಿನವಷ್ಟೇ ಅವು ಮಾತು ಕೇಳಿದ್ದವು. ಇನ್ನೊಮ್ಮೆ ಅಳೆದು ತೋರಿಸಿದ್ದರೆ ಅವಳ ಪಿಎಚ್‌ಡಿ ಮುಗಿಯುತ್ತಿತ್ತು. ಬಿಸಿಯಾದರೆ ಚಿಪ್‌ನೊಳಗೆ ಎಲ್ಲ ಕಲಸಿಹೋಗುತ್ತದೆ, ಮತ್ತೆ ಮೊದಲಿನಿಂದ. ಗು ಸರ್‌ಗೆ ಇದು ಗೊತ್ತಿರಲಿಲ್ಲವೇ? ಪ್ರಯೋಗಾಲಯದ ಮುಖ್ಯಸ್ಥರು, ಅವಳಿಗೆ ಪಾಠ ಹೇಳಿದವರೇ ಅವರು!

ಅತಿಥಿಗಳು ಹೋದರು. "ಮತ್ತೆ ತಣ್ಣಗೆ ಮಾಡಿದ್ರಾಯ್ತು ಬಿಡಮ್ಮ" ಎಂದರು ಗು ಸರ್.

"ನನ್ನ ಅಳತೆ ಹೋಯ್ತಲ್ಲ ಸರ್!"

ಅವರು ಯಂತ್ರದ ಪಂಪಿನ ಮೇಲಿದ್ದ ಹಸಿರು ಪೊಟ್ಟಣವನ್ನು ಎತ್ತಿ ತಿರುಗಿಸಿದರು. ತೆಂಗಿನಕಾಯಿ ರುಚಿಯ ಕುರುಕಲು. ಚಿಪ್ ಕಾರ್ಖಾನೆಗಳ ಊರಾದ ಶಿನ್‌ಚುವಿನಲ್ಲಿ ಅದನ್ನಿಡದ ಯಂತ್ರವಿಲ್ಲ. ಇಟ್ಟರೆ ಯಂತ್ರ ಹಟ ಮಾಡುವುದಿಲ್ಲವಂತೆ. ಹಸಿರೇ ಆಗಬೇಕು, ತಾರೀಖು ಮೀರಬಾರದು, ತಿನ್ನಲಂತೂ ಕೂಡದು.

"ನೋಡು, ತಾರೀಖು ಮುಗಿದಿದೆ. ಹೊಸದು ಇಡೋ ಕೆಲಸ ನಿಂದಲ್ವಾ? ಇನ್ನು ಚಿಪ್ ಕೈ ಕೊಡದೆ ಏನ್ ಮಾಡುತ್ತೆ?"

ಯಾ-ಚುನ್‌ಗೆ ಮೈಯೆಲ್ಲ ಉರಿದುಹೋಯಿತು.

"ಅದರ ಹೊಟ್ಟೆ ಬಗೆದು ನೆಂಟರಿಗೆ ತೋರಿಸಿದೋರು ನೀವು. ತಪ್ಪು ಮಾತ್ರ ಕುರುಕಲಿನದ್ದಾ? ನಾಚ್ಕೆ ಆಗಲ್ವಾ ಸರ್?"

ಪೊಟ್ಟಣ ಕಿತ್ತುಕೊಂಡು ಟರ್‍ರನೆ ಹರಿದಳು.

"ಅಯ್ಯೋ, ಬೇಡ ಕಣೇ!" ಬೊ-ಹಾನ್ ಕೂಗಿಕೊಂಡ.

ಒಂದನ್ನು ಬಾಯಿಗೆ ಹಾಕಿಕೊಂಡಳು. ಮೆತ್ತಗಾಗಿತ್ತು. ಪೊಟ್ಟಣವನ್ನು ಗು ಸರ್ ಮುಂದೆ ಚಾಚಿದಳು. "ತಗೊಳ್ಳಿ. ಹೊಸದು ಇನ್ಮೇಲೆ ನೀವೇ ಇಡಿ."

ಗು ಸರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅವಳ ಮುಖ ನೋಡಲಿಲ್ಲ. ಅವರ ಹೆದರಿದ ಕಣ್ಣು ಬಿಚ್ಚಿಟ್ಟ ಯಂತ್ರದತ್ತ ಹೊರಳಿತು. ಯಾ-ಚುನ್ ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು.