ಐದಕ್ಕೆ ಐದು

ಭೂಗೋಳ ಕಲಿಸುವ ನಕ್ಷೆ ಮೇಡಂ ಯಾವ ಮಗುವಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಉತ್ತರ ಎಷ್ಟೇ ಚೆನ್ನಾಗಿರಲಿ, ಅರ್ಧ ಅಂಕವನ್ನಾದರೂ ಕಿತ್ತುಕೊಳ್ಳುವ ಕೈ ಅದು. ಅಂಥವರು ಆವತ್ತು ಸ್ಟಾಫ್ ರೂಮಿನಲ್ಲಿ ಕೂತು ತಮಗೆ ತಾವೇ ಐದಕ್ಕೆ ಐದು ಹಾಕಿಕೊಳ್ಳುತ್ತಿದ್ದರು. ಡಿಜಿಟಲ್ ಬೋರ್ಡ್ ಬಳಸಬಲ್ಲಿರಾ? ಐದು. ವಿಡಿಯೊ ತೋರಿಸಿ ಪಾಠ ಮಾಡಬಲ್ಲಿರಾ? ಐದು. ಆನ್‌ಲೈನ್ ಕ್ವಿಜ್ ತಯಾರಿಸಬಲ್ಲಿರಾ? ಕ್ವಿಜ್ ಅಂದರೆ ಏನೂಂತ ಗೊತ್ತಿತ್ತಲ್ಲ, ಸಾಕು. ಐದು.

ಶಾಲೆಗೆ ಬಂದದ್ದು ಒಂದೇ ಒಂದು ಡಿಜಿಟಲ್ ಬೋರ್ಡ್. ಈ ಸ್ವಮೌಲ್ಯಮಾಪನದಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರ ತರಗತಿಗೆ ಅದು ಅಂತ ಹೆಡ್ ಮೇಡಂ ಹೇಳಿಬಿಟ್ಟಿದ್ದರು. ಪುಟ್ಟಿಗೇ ಬಿಡು, ಇನ್ಯಾರಿಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಕ್ಷೆ ಮೇಡಂ ಹೊಟ್ಟೆಗೆ ಬೆಂಕಿ ಬಿದ್ದದ್ದೇ ಅಲ್ಲಿ.

ಪುಟ್ಟಿ ಅಂದರೆ ಮೇಡಂ ಗಂಡನ ಕೊನೇ ತಂಗಿ, ವಿಜ್ಞಾನದ ಟೀಚರು. ಚಿಕ್ಕವಳಿದ್ದಾಗ ಇದೇ ಶಾಲೆಯಲ್ಲಿ ಮೇಡಂ ಹತ್ತಿರವೇ ಓದಿದವಳು. ಈಗ ಅವಳು ಲ್ಯಾಪ್‌ಟಾಪ್ ಬಿಚ್ಚಿದರೆ ಸಾಕು, ಮಕ್ಕಳು ಜೇನುಹುಳದ ಹಾಗೆ ಮುತ್ತಿಕೊಳ್ಳುತ್ತಿದ್ದರು. ಮೊದಲೆಲ್ಲ ಹಾಗೆ ಮುತ್ತುತ್ತಿದ್ದದ್ದು ಮೇಡಂ ಬಿಡಿಸುವ ನಕ್ಷೆಗೆ. ಈಗ ಅವರ ಪಾಠ ನಡೆಯುವಾಗಲೂ ಮಕ್ಕಳ ಕಿವಿಯೆಲ್ಲ ಪಕ್ಕದ ಕೋಣೆಯ ನಗುವಿನ ಕಡೆಗೆ. ಮನೆಯಲ್ಲಿ ಗಂಡ "ನಮ್ಮ ಪುಟ್ಟಿ ಏನು ಚುರುಕು!" ಅಂದಾಗಲೆಲ್ಲ ಮೇಡಂ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು.

ಹಾಳೆ ಒಪ್ಪಿಸುವಾಗ ನಾದಿನಿಯದ್ದನ್ನು ಓರೆಗಣ್ಣಲ್ಲಿ ನೋಡಿದರು. ಮೇಲಿಂದ ಕೆಳಗೆ ಬರೀ ಮೂರು! 'ವಿನಯದ ನಾಟಕ ನೋಡು ಇವಳದ್ದು' ಅಂತ ಇನ್ನಷ್ಟು ಉರಿ ಹತ್ತಿತು. ಐದು ಹಾಕಿಕೊಂಡಿದ್ದರೂ ಉರಿ ಹತ್ತುತ್ತಿತ್ತು, ಆ ಮಾತು ಬೇರೆ.

ಬೋರ್ಡು ಮೇಡಂ ಕೋಣೆಗೇ ಬಂತು. ಕರಿಹಲಗೆಯನ್ನು ಬಿಚ್ಚಿ ಅದೇ ಜಾಗದಲ್ಲಿ ಹಾಕಿದರು. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಮೇಡಂಗೆ ಬೇಕಿದ್ದದ್ದೂ ಅದೇ.

"ಇವತ್ತು ನದಿ," ಅಂದರು. ಅಂಗೈಯಂಚನ್ನು ಹಲಗೆಗೆ ಊರಿ, ಬಲಗಡೆಯ ಬೆಟ್ಟದಿಂದ ಎಡಗಡೆಯ ಸಮುದ್ರದವರೆಗೆ ಒಂದೇ ಎಳೆಯಲ್ಲಿ ನದಿ ಎಳೆಯುವುದರಲ್ಲಿ ಅವರದು ಪಳಗಿದ ಕೈ. ಹಾಗೇ ಎಳೆದರು. ಪೆನ್ನು ಮುಂದೆ ಹೋದಂತೆ ಹಿಂದಿನ ಗೆರೆ ಮಾಯ!

"ಮೇಡಂ, ನದಿ ಬತ್ತೋಯ್ತು!"

ಮತ್ತೆ ಎಳೆದರು. ಮತ್ತೆ ಬತ್ತಿತು.

"ಸೈನ್ಸ್ ಟೀಚರನ್ನ ಕರೀಲಾ ಮೇಡಂ?"

"ಯಾರನ್ನೂ ಕರೀಬೇಡ. ಕೂತ್ಕೋ!"

ಆದರೆ ನಗು ಗೋಡೆ ದಾಟಿತ್ತು. ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಅಂಗೈ ಎತ್ತಿ ಅತ್ತಿಗೆ. ತಗುಲಿದ್ರೆ ಬೋರ್ಡು ಅದನ್ನ ಡಸ್ಟರ್ ಅಂದ್ಕೊಂಡು ಅಳಿಸಿಬಿಡುತ್ತೆ."

ಮೇಡಂ ಮುಖ ಕೆಂಪಾಯಿತು. "ಇಷ್ಟೆಲ್ಲ ಗೊತ್ತಿದ್ದೋಳು ಮೂರು ಯಾಕೆ ಹಾಕ್ಕೊಂಡೆ? ನನ್ನ ಆಡಿಸೋಕಾ?"

"ನೀವು ತಿದ್ದೋ ಹಾಗೆ ತಿದ್ಕೊಂಡೆ ಅತ್ತಿಗೆ. ನಿಮ್ಮ ಕೈಲಿ ನಂಗೆ ಅದಕ್ಕಿಂತ ಜಾಸ್ತಿ ಯಾವತ್ತು ಬಂದಿದೆ?"

"ಮೂರೂ ಜಾಸ್ತೀನೇ," ಅಂದರು ಮೇಡಂ. "ನಾನಾಗಿದ್ರೆ ಎರಡೂವರೆ."

ಪುಟ್ಟಿ ನಕ್ಕು ತಿರುಗಿದಳು. ಮೇಡಂ ಅಂಗೈ ಎತ್ತಿ ಪೆನ್ನು ಊರಿದರು. ಆಸರೆಯಿಲ್ಲದ ಕೈಯಲ್ಲಿ ನದಿ ಬೆಟ್ಟದ ಬುಡದಲ್ಲೇ ಸೊಟ್ಟಗಾಯಿತು. ಇನ್ನು ಬಣ್ಣ ತುಂಬಬೇಕು, ಊರುಗಳನ್ನು ಗುರುತಿಸಬೇಕು. ಅದಕ್ಕೆಲ್ಲ ಒತ್ತಬೇಕಾದ ಗುಂಡಿ ಯಾವುದೋ, ದೇವರಿಗೇ ಗೊತ್ತು.

"ಏ ಪುಟ್ಟೀ, ನಿಂಗೆ ಈಗ ಪಾಠ ಇದ್ಯಾ?"

"ಇಲ್ಲ ಅತ್ತಿಗೆ."

"ಹಾಗಾದ್ರೆ ಬಾ. ಮುಂದೆ ಅಲ್ಲ! ಹಿಂದಿನ ಬೆಂಚಲ್ಲಿ ಕೂರು. ಕೇಳಿದಾಗ ಮಾತ್ರ ಹೇಳು, ಅದೂ ಮೆಲ್ಲಗೆ."

ಪುಟ್ಟಿ ಹಿಂದೆ ಹೋಗಿ ಕೂತಳು. ಇಡೀ ತರಗತಿ ಕತ್ತು ಹೊರಳಿಸಿ ಅವಳನ್ನೇ ನೋಡಿತು.

"ಎಲ್ರೂ ಇಲ್ಲಿ ನೋಡಿ!" ಅಂತ ಮೇಡಂ ಬೋರ್ಡಿಗೆ ಪಟಾರನೆ ಅಂಗೈ ಬಡಿದರು. ಇದ್ದಷ್ಟು ನದಿಯೂ ಹೋಯಿತು.