ಮೇಜಿನ ಮೇಲೆ ಆಡಿದ ಮಾತು

ಆ ಊರಿನಲ್ಲಿ ಪ್ರತಿ ಫುಟ್‌ಬಾಲ್ ಪಂದ್ಯಕ್ಕೂ ಎರಡು ಫಲಿತಾಂಶಗಳಿರುತ್ತಿದ್ದವು. ಒಂದು ಮೈದಾನದಲ್ಲಿ ಸೀಟಿ ಊದಿದಾಗ ಗೊತ್ತಾಗುತ್ತಿತ್ತು. ಇನ್ನೊಂದು ಮರುದಿನ ಮಧ್ಯಾಹ್ನ ಬಾವುಟದಕ್ಕನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಮೊದಲನೆಯದನ್ನು ಜನ ವಾರದೊಳಗೆ ಮರೆಯುತ್ತಿದ್ದರು. ಎರಡನೆಯದನ್ನು ಹಿಡಿದುಕೊಂಡು ಮುಂದಿನ ಪಂದ್ಯದವರೆಗೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು.

ಊರಿನ ಎರಡು ತಂಡಗಳಲ್ಲಿ ಬಾವುಟದಕ್ಕ ಕೆಂಪಿನವರಿಗೂ ಬಾವುಟ ಹೊಲಿಯುತ್ತಿದ್ದಳು, ಹಸಿರಿನವರಿಗೂ ಹೊಲಿಯುತ್ತಿದ್ದಳು. ಅವಳ ಅಜ್ಜಿಯ ಕಾಲದಿಂದಲೂ ಎರಡೂ ಬಣ್ಣದ ನೂಲುಂಡೆಗಳು ಒಂದೇ ಡಬ್ಬಿಯಲ್ಲಿ ಮಲಗಿ ಏಳುತ್ತಿದ್ದವು. ಅದಕ್ಕೇ ಈ ಪಂಚಾಯಿತಿ ಅವರ ಮನೆಗೆ ಗಂಟುಬಿದ್ದಿತ್ತು. ಹಿಂದೆ ಪಂದ್ಯ ಮುಗಿದರೆ ಸಾಕು, ಯಾರ ಕಡೆಯವರು ಹೆಚ್ಚು ಪುಂಡರು ಎಂಬ ಮಾತಿಗೆ ಬೀದಿಯಲ್ಲಿ ತಲೆ ಒಡೆಯುತ್ತಿತ್ತಂತೆ. ಒಂದು ದಿನ ಅಜ್ಜಿ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಕರೆದು ಮೇಜಿನ ಆಚೆ ಈಚೆ ಕೂರಿಸಿದಳು. ಒಬ್ಬರ ಕಡೆಯವರ ಕೆಟ್ಟ ಕೆಲಸವನ್ನು ಇನ್ನೊಬ್ಬರು ಹೇಳಬೇಕು. ತಪ್ಪು ಮಾಡಿದವರ ಬಣ್ಣದ ಬಟ್ಟೆಯಿಂದ ಅಜ್ಜಿ ಒಂದು ಚೂರು ಕತ್ತರಿಸಿ ಮೇಜಿನ ಮೇಲೆ ಇಡುತ್ತಾಳೆ. ಎದುರಾಳಿಯನ್ನು ಕೂಗಿ ಹೀಯಾಳಿಸಿದರೆ ಉಗುರಗಲ, ಉಗುಳಿದರೆ ಬೆರಳಗಲ, ಬಾಟಲಿ ಎಸೆದರೆ ಅಂಗೈಯಗಲ. ಕೊನೆಗೆ ಯಾರ ಗುಡ್ಡೆ ದೊಡ್ಡದೋ ಅವರು ಮುಂದಿನ ಪಂದ್ಯದಲ್ಲಿ ಬಿಸಿಲಿಗೆ ಎದುರಾದ ಗ್ಯಾಲರಿಯಲ್ಲಿ ಕೂರಬೇಕು.

ಸಾಕ್ಷಿ ಕರೆಯುವ ಹಾಗಿರಲಿಲ್ಲ. ಕರೆದರೆ ಎರಡೂ ಕಡೆ ಊರಿಗೆ ಊರೇ ಆಣೆ ಹಾಕಲು ಓಡಿ ಬರುತ್ತಿತ್ತು. ಹಾಗಾಗಿ ಅಜ್ಜಿ ಒಂದು ಕಟ್ಟಳೆ ಮಾಡಿದ್ದಳು: ಮೇಜಿನ ಮೇಲೆ ಆಡಿದ್ದು ಆಡಿದ್ದೇ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕತ್ತರಿ ಹಿಡಿದವಳು ಮಾತ್ರ ಯಾರ ತಪ್ಪನ್ನೂ ತಾನಾಗಿ ಆಡಕೂಡದು.

ಅಜ್ಜಿ ತೀರಿಕೊಂಡ ಮೇಲೆ ಕತ್ತರಿ ಮೊಮ್ಮಗಳ ಕೈಗೆ ಬಂತು. ಕೆಂಪಿನ ಪರವಾಗಿ ಬಸ್ ಡ್ರೈವರು ಬರುತ್ತಿದ್ದ. ಕೂತರೆ ಕುರ್ಚಿ ಕಿರುಗುಟ್ಟುವಂಥ ಆಳು, ದನಿ ಹಾರ್ನಿನದ್ದು. ಹಸಿರಿನ ಪರವಾಗಿ ಕನ್ನಡಕದಂಗಡಿಯವನು. ಪ್ರತಿ ಮಾತಿಗೂ ಮೊದಲು ತನ್ನ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವವನು. ಮೊದಮೊದಲು ಅವಳಿಗೆ ಇವರಿಬ್ಬರ ಮಾತು ಕೇಳುವುದೇ ಒಂದು ಮೋಜಾಗಿತ್ತು.

"ನಿಮ್ಮೋರು ನಮ್ಮ ಗೋಲ್‌ಕೀಪರ್ ಹಿಂದೆ ನಿಂತ್ಕೊಂಡು ಅವನ ಹೆಂಡ್ತಿ ಮೇಲೆ ಹಾಡು ಕಟ್ಟಿ ಹಾಡಿದ್ರಲ್ರೀ, ನಾಚಿಕೆ ಬೇಡ್ವಾ?" ಎಂದು ಡ್ರೈವರು ಗುಡುಗುತ್ತಿದ್ದ.

"ಹಾಡು ತಾಳಕ್ಕೆ ಸರಿಯಾಗಿತ್ತು," ಎಂದು ಕನ್ನಡಕದವನು ಗಾಜು ಒರೆಸುತ್ತಿದ್ದ. "ನಿಮ್ಮೋರ ಬೈಗುಳಕ್ಕೆ ಅದೂ ಇರ್ಲಿಲ್ಲ. ಆಯಮ್ಮನೇ ಬಂದು ಎರಡನೇ ಸಾಲು ಬರ್ಕೊಡಿ ಅಂತ ಕೇಳಿದ್ರಂತೆ."

ತಾಳವಿಲ್ಲದ ಬೈಗುಳ ದೊಡ್ಡದೋ ತಾಳದ ಅವಮಾನ ದೊಡ್ಡದೋ ಎಂದು ಅರ್ಧ ಮಧ್ಯಾಹ್ನ ಕಳೆಯುತ್ತಿತ್ತು. ಒಳಗೆ ಬಚ್ಚಲುಮನೆಯಲ್ಲಿ ಅವಳ ತಮ್ಮ ನೀರು ಹುಯ್ದುಕೊಳ್ಳುತ್ತ ಗುನುಗುತ್ತಿರುತ್ತಿದ್ದ. ಬೇಕರಿಯಲ್ಲಿ ಕೆಲಸ, ಬೆಳಗಿನ ಪಾಳಿ ಮುಗಿಸಿ ಮೈತುಂಬ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ. ಅಕ್ಕ ಕೊಟ್ಟಳೆಂದು ಕೆಂಪು ಮಫ್ಲರ್ ಸುತ್ತಿಕೊಂಡು ಪಂದ್ಯಕ್ಕೆ ಹೋಗುತ್ತಿದ್ದನೇ ಹೊರತು ಚೆಂಡು ಯಾವ ಕಡೆ ಉರುಳಿತೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಅವಳಿಗೆ ಅವನು, ಅವನಿಗೆ ಅವಳು.

ಮೋಜು ಮುರಿದದ್ದು ಒಂದು ಕಲ್ಲುಮೀನಿನಿಂದ. ರೈಲ್ವೆ ಸ್ಟೇಷನ್ನಿನ ಎದುರು ಕಾರಂಜಿಯೊಂದಿತ್ತು. ಅದರ ನಡುವೆ ಬಾಯಿಂದ ನೀರು ಚಿಮ್ಮುವ ಮೀನು. ಆ ದಿನ ಬೆಳಿಗ್ಗೆ ಅವಳು ಅದೇ ಬಾಯಿಗೆ ಬಾಟಲಿ ಹಿಡಿದು ನೀರು ತುಂಬಿಕೊಂಡು ಬಂದಿದ್ದಳು. ಮಧ್ಯಾಹ್ನ ಕನ್ನಡಕದವನಿಗೆ ಹೇಳಲು ತಪ್ಪುಗಳು ಮುಗಿದವು. ಸೋಲುವ ಹಾಗಾಯಿತು. ಅವನು ಕನ್ನಡಕ ಒರೆಸುವುದನ್ನೂ ಮರೆತು, ಕೆಂಪಿನವರು ಆ ಕಲ್ಲುಮೀನಿನ ತಲೆ ಒಡೆದು ಹಾಕಿದರು ಎಂದುಬಿಟ್ಟ. ಸುಳ್ಳು ಹೇಳುವವನ ಅಳುಕು ಅವನ ಮುಖದಲ್ಲಿರಲಿಲ್ಲ. ನಿದ್ದೆಯಲ್ಲಿ ಮಾತಾಡುವವನ ಹಾಗಿದ್ದ.

ಸಂಜೆ ಅವಳು ಕಾರಂಜಿಯ ಬಳಿ ಹೋದಳು. ಮೀನಿಗೆ ತಲೆ ಇರಲಿಲ್ಲ. ಅದಾದರೂ ಹೋಗಲಿ, ಮುರಿದ ಕತ್ತಿನ ಮೇಲೆ ಪಾಚಿ ಕಟ್ಟಿತ್ತು. ಪಕ್ಕದಲ್ಲಿ ಹಣ್ಣು ಮಾರುವವಳನ್ನು ಕೇಳಿದರೆ, ಎಷ್ಟೋ ವರ್ಷದ ಮಾತಲ್ಲವೇ ತಾಯಿ, ಕೆಂಪಿನ ಪುಂಡರು ಒಡೆದದ್ದು, ನಿನಗೆ ಮರೆತುಹೋಯಿತೇ ಎಂದು ಅವಳನ್ನೇ ವಿಚಿತ್ರವಾಗಿ ನೋಡಿದಳು.

ಮುಂದಿನ ಪಂದ್ಯದ ಮರುದಿನ ಡ್ರೈವರು, ಹಸಿರಿನವರು ಕೆಂಪಿನ ಕಡೆಯ ಹಾಡಿನ ಮೇಷ್ಟರ ಬಾಗಿಲಿಗೆ ಮೊಳೆ ಹೊಡೆದರು ಎಂದ. ಹೋಗಿ ನೋಡಿದರೆ ಮೊಳೆಗಳಿಗೆ ತುಕ್ಕು ಹಿಡಿದಿತ್ತು. ಮೇಷ್ಟರು ಆಗಿನಿಂದ ಕಿಟಕಿಯಿಂದಲೇ ಓಡಾಡುತ್ತಿದ್ದರಂತೆ. ಹೊಸಿಲಿನಂತೆ ಕಿಟಕಿಯ ಅಂಚು ಸವೆದು ನುಣುಪಾಗಿತ್ತು. ಯಾರನ್ನು ಕೇಳಿದರೂ ಹೌದು ಎಂದರು. ಹಳೆಯದು ನೆನಪಿದ್ದದ್ದು ಕತ್ತರಿ ಹಿಡಿದ ಅವಳೊಬ್ಬಳಿಗೇ. ಅಜ್ಜಿಗೂ ಹೀಗೇ ಆಗುತ್ತಿತ್ತೇನೋ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಊರು ತುಂಬ ಕಾರಂಜಿಗಳಿರುತ್ತಿದ್ದವು, ಬೀದಿಗೊಂದು ಮರವಿರುತ್ತಿತ್ತು. ಅಜ್ಜಿ ಕಟ್ಟಿ ಹೇಳುತ್ತಾಳೆ ಎಂದು ಎಲ್ಲರೂ ನಗುತ್ತಿದ್ದರು.

ಅವಳು ಒಮ್ಮೆ ಚೂರು ಕತ್ತರಿಸದೆ ಸುಮ್ಮನೆ ಕೂತಳು. ಆದರೂ ಆಡಿದ್ದು ಆಗಿಹೋಗಿತ್ತು. ಒಮ್ಮೆ ಅಂಗಡಿಯ ಬಾಗಿಲೇ ತೆಗೆಯಲಿಲ್ಲ. ಆ ದಿನ ಬೀದಿಯಲ್ಲಿ ನಿಜವಾಗಿಯೂ ರಕ್ತ ಹರಿಯಿತು. ತಲೆಗೆ ಪಟ್ಟಿ ಕಟ್ಟಿದ ಮಕ್ಕಳನ್ನು ಕರೆದುಕೊಂಡು ಎರಡೂ ಕಡೆಯ ತಾಯಂದಿರು ಬಂದು, ಕೈ ಮುಗೀತೀವಿ, ಬಾಗಿಲು ತೆಗಿ ಎಂದು ಗೋಗರೆದರು. ಆಮೇಲೆ ಅವಳು ಒಂದು ಉಪಾಯ ಕಂಡುಕೊಂಡಳು. ಸಣ್ಣ ತಪ್ಪಿಗೇ ದೊಡ್ಡ ಚೂರು ಕತ್ತರಿಸತೊಡಗಿದಳು. ಕೂಗಿದ್ದಕ್ಕೆ ಅಂಗೈಯಗಲ, ಶಿಳ್ಳೆಗೆ ಕರವಸ್ತ್ರದಷ್ಟು. ಗುಡ್ಡೆ ಬೇಗ ಬೆಳೆದರೆ ಯಾರೂ ಹೊಸದನ್ನು ಹುಡುಕಿಕೊಂಡು ಮೇಲೆ ಮೇಲೆ ಹತ್ತುವುದಿಲ್ಲ ಎಂಬ ಲೆಕ್ಕಾಚಾರ. ಮಾತು ಏರುತ್ತಿದೆ ಅನ್ನಿಸಿದರೆ ನೀರು ತರುತ್ತಿದ್ದಳು, ಸೂಜಿ ಬಿತ್ತು ಎಂದು ಇಬ್ಬರನ್ನೂ ಮೇಜಿನ ಕೆಳಗೆ ಬಗ್ಗಿಸುತ್ತಿದ್ದಳು. ಹೀಗೆ ಒಂದು ಋತು ಹೇಗೋ ದಾಟಿತು.

ಆದರೆ ಋತುವಿನ ಕೊನೆಯ ಪಂದ್ಯ ಡ್ರಾ ಆಯಿತು. ಮೈದಾನದಲ್ಲಿ ತೀರದ ಹಟವನ್ನೆಲ್ಲ ಇಬ್ಬರೂ ಮೇಜಿಗೆ ಹೊತ್ತು ತಂದರು. ಅವಳು ಎಷ್ಟು ದೊಡ್ಡ ಚೂರು ಕತ್ತರಿಸಿದರೂ ಗುಡ್ಡೆಗಳು ಸಮಸಮವಾಗಿಯೇ ಬೆಳೆದವು. ಒಬ್ಬರು ಬಸ್ಸಿನ ಚಕ್ರದ ಗಾಳಿ ಬಿಟ್ಟದ್ದನ್ನು ಹೇಳಿದರೆ ಇನ್ನೊಬ್ಬರು ಡೋಲು ಹರಿದದ್ದನ್ನು ಹೇಳಿದರು, ಡೋಲಿನ ಮಾತಿಗೆ ಬ್ಯಾನರಿಗೆ ಬೆಂಕಿ ಹಚ್ಚಿದ ಮಾತು ಬಂತು. ನೀರು ತಂದರೆ ಯಾರೂ ಮುಟ್ಟಲಿಲ್ಲ. ಸೂಜಿ ಬಿತ್ತು ಎಂದರೆ ಬಗ್ಗಲಿಲ್ಲ.

ಡ್ರೈವರು ಮೇಜಿನ ಮೇಲೆ ಬಾಗಿದ. ಅವನ ಹಾರ್ನಿನ ದನಿ ಎಲ್ಲೋ ಹೋಗಿ, ತೀರಾ ಮೆತ್ತಗಿನ, ಅವನದಲ್ಲದ ದನಿಯೊಂದು ಬಾಯಿಂದ ಬಂತು.

"ನಿಮ್ಮೋರು ನಮ್ಮ ಹುಡುಗನೊಬ್ಬನ್ನ ಹಿಡ್ಕೊಂಡ್ರು. ಪಾಪದ ಹುಡುಗ. ಮೈಮೇಲೆಲ್ಲ ಹಿಟ್ಟಿತ್ತು."

ಬಾವುಟದಕ್ಕನ ಕೈ ಕತ್ತರಿಯ ಮೇಲೆ ನಿಂತಿತು. ಒಳಗೆ ಬಚ್ಚಲಲ್ಲಿ ಗುನುಗುತ್ತಿದ್ದ ಹಾಡು ನಡುವೆ ಒಂದು ಸಾಲು ಬಿಟ್ಟು ಮುಂದಕ್ಕೆ ಹೋಯಿತು.

"ಗ್ಯಾಲರಿಯ ಮೇಲಿನ ಸಾಲಿಗೆ ಎಳ್ಕೊಂಡು ಹೋದ್ರು," ಎಂದ ಡ್ರೈವರು. ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. "ಮಫ್ಲರ್ ಹಿಡಿದು ಕಂಬಿ ಮೇಲೆ ಎತ್ತಿದ್ರು. ಎತ್ತಿ…"

ನೀರಿನ ಸದ್ದು ಸಣ್ಣದಾಯಿತು. ಅವಳು ಯೋಚಿಸಲಿಲ್ಲ. ಅಜ್ಜಿಯ ಕಟ್ಟಳೆಯೂ ನೆನಪಾಗಲಿಲ್ಲ. ಡ್ರೈವರ ಬಾಯಿಂದ ಆ ಮಾತಿನ ಬಾಲ ಹೊರಬೀಳುವ ಮೊದಲೇ ತಾನೇ ಅದನ್ನು ಕಿತ್ತುಕೊಂಡಳು.

"ಎತ್ತಿ ಹೆದರಿಸಿದ್ರು, ಅಷ್ಟೆ. ಕೆಳಗೆ ಇಳಿಸಿದ್ರು. ಹುಡುಗ ಹೆದರ್ಕೊಂಡು ಊರೇ ಬಿಟ್ಟು ಓಡ್ದ."

ಬಚ್ಚಲಿನ ಸದ್ದು ನಿಂತಿತು. ಹಾಡು ಮುಗಿಸಿದವರು ನಿಲ್ಲಿಸುವ ಹಾಗೆ ಅಲ್ಲ. ಅಲ್ಲಿ ಯಾರೂ ಹಾಡಿಯೇ ಇಲ್ಲ ಎನ್ನುವ ಹಾಗೆ. ಅವಳು ಎದ್ದು ಓಡಿದಳು. ಬಚ್ಚಲಿನ ನೆಲ ಒಣಗಿ ಬಿರುಕು ಬಿಟ್ಟಿತ್ತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಜೇಡ ಬಲೆ ಕಟ್ಟಿತ್ತು. ಅವನ ಕೋಣೆಯ ಹಾಸಿಗೆ ಸುರುಳಿಯಾಗಿ ಗೋಡೆಗೆ ಒರಗಿತ್ತು, ಅದರ ಮೇಲೆ ಧೂಳು.

ಅಂಗಡಿಗೆ ಹಿಂತಿರುಗಿದರೆ ಡ್ರೈವರು ತನ್ನ ಹಳೆಯ ದನಿಯಲ್ಲೇ, ನಿಮ್ಮ ತಮ್ಮನ ಸುದ್ದಿ ಇನ್ನೂ ಏನೂ ಇಲ್ಲವೇ ಎಂದು ಮರುಕದಿಂದ ಕೇಳಿದ. ಎದುರಿಗೆ ಕೂತ ಕನ್ನಡಕದವನು ತಲೆ ತಗ್ಗಿಸಿ, ನಮ್ಮ ಕಡೆಯವರು ಅವತ್ತು ಮಾಡಿದ್ದು ತಪ್ಪೇ ಎಂದ.

ಬೇಕರಿಯ ಯಜಮಾನನೂ ಅದನ್ನೇ ಹೇಳಿದ. ಪಕ್ಕದ ಮನೆಯ ಅತ್ತೆ ಬೆನ್ನು ಸವರಿ, ಇಷ್ಟು ವರ್ಷ ಆದಮೇಲೂ ಹೀಗೆ ಅತ್ತರೆ ಹೇಗೆ ಎಂದರು. ಬಾವುಟದಕ್ಕ ತಾನು ಬೆಳಿಗ್ಗೆ ತಾನೇ ಅವನ ಕೂದಲಿನ ಹಿಟ್ಟು ಕೊಡವಿದ್ದನ್ನು ಹೇಳಲಿಲ್ಲ. ಹೇಳಿ ಏನಾಗಬೇಕು? ಎಲ್ಲೋ ಒಂದು ಊರಿನಲ್ಲಿ ಅವನು ಬದುಕಿದ್ದಾನೆ. ಆ ಒಂದು ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ದಿನ ದೂಡಿದಳು.

ಒಬ್ಬಳೇ ಇದ್ದಾಗ ಮೇಜಿನ ಮುಂದೆ ಕೂತು, ನನ್ನ ತಮ್ಮ ವಾಪಸ್ ಬಂದ ಎಂದು ಹೇಳಿ ನೋಡಿದಳು. ಏನೂ ಆಗಲಿಲ್ಲ. ಗಟ್ಟಿಯಾಗಿ ಹೇಳಿದಳು. ಬಿಕ್ಕುತ್ತ ಹೇಳಿದಳು. ಒಳ್ಳೆಯದಕ್ಕೆ ಆ ಮೇಜು ಕಿವುಡು. ಅದಕ್ಕೆ ಯಾರಾದರೂ ಯಾರಿಗಾದರೂ ಏನಾದರೂ ಮಾಡಿರಬೇಕು, ಎದುರು ಬಣ್ಣದವರು ಕೂತು ಕೇಳಬೇಕು. ಹಾಗಾದರೆ ಅವನು ಮನೆಗೆ ಬರುವ ದಾರಿ ಒಂದೇ: ಯಾವುದೋ ಒಂದು ಕೆಟ್ಟ ಕೆಲಸ ಮಾಡಿಕೊಂಡೇ ಬರಬೇಕು.

ಅವಳು ಹೊಸ ಋತು ಶುರುವಾಗುವವರೆಗೂ ಹೊಲಿಗೆ ಯಂತ್ರದ ಮುಂದೆ ಕೂತು ಅದನ್ನೇ ಅಳೆದೂ ಸುರಿದೂ ನೋಡಿದಳು. ಕಲ್ಲೆಸೆದ ಅಂದರೆ ಯಾರ ತಲೆಗೋ ಬಿದ್ದೀತು. ಉಗುಳಿದ ಅಂದರೆ ಅವನ ಬಾಯಿಗೆ ಅದು ಒಪ್ಪುವುದಿಲ್ಲ. ಬೈದ ಅಂದರೆ ಏನು ಬೈದ ಎಂದು ಕೇಳುತ್ತಾರೆ. ಯಾರಿಗೂ ನೋಯದ, ಆದರೂ ಮೇಜು ತೆಗೆದುಕೊಳ್ಳುವ ಒಂದು ತಪ್ಪು ಬೇಕು. ಕೊನೆಗೆ ಅವಳಿಗೆ ಸಿಕ್ಕಿದ್ದು ಎಷ್ಟು ಸಣ್ಣದೆಂದರೆ, ಕತ್ತರಿಸಿದರೆ ಚೂರು ಅಕ್ಕಿಕಾಳಿನಷ್ಟೂ ಇರಲಿಕ್ಕಿಲ್ಲ.

ಮೊದಲ ಪಂದ್ಯದ ಮರುದಿನ ಇಬ್ಬರೂ ಬಂದು ಕೂತರು. ಅವರು ಬಾಯಿ ತೆರೆಯುವ ಮೊದಲೇ ಅವಳು ಮೇಜಿನ ಮೇಲೆ ಎರಡೂ ಕೈ ಇಟ್ಟಳು.

"ನನ್ನ ತಮ್ಮ ನಿನ್ನೆ ಊರಿಗೆ ವಾಪಸ್ ಬಂದ. ಬಂದವನು ಹಸಿರಿನವರ ಗ್ಯಾಲರಿಗೆ ಹೋಗಿ ಅಲ್ಲೊಬ್ಬ ಮುದುಕನ ಟೊಪ್ಪಿ ಕಿತ್ಕೊಂಡು ಓಡ್ದ."

ಕನ್ನಡಕದವನು ಕನ್ನಡಕ ತೆಗೆದ. "ಕತ್ತರಿ ಹಿಡಿದೋರು ಮಾತಾಡೋ ಹಾಗಿಲ್ವಲ್ಲ, ಬಾವುಟದಕ್ಕ."

"ಆಡಾಯ್ತಲ್ಲ."

ಒಳಗೆ ನೀರು ಧಬಧಬ ಸುರಿಯಿತು. ಬಚ್ಚಲಿನ ಬಾಗಿಲು ಕಿರುಗುಟ್ಟಿತು, ಒದ್ದೆ ಕಾಲಿನ ಸಪ್ಪಳ ಪಡಸಾಲೆ ದಾಟಿತು, ಪರದೆ ಸರಿಯಿತು. ಅವನೇ. ಅದೇ ಸಣಕಲು ಭುಜ, ಅದೇ ಎಡಗೆನ್ನೆಯ ಮಚ್ಚೆ. ತಲೆಯ ಮೇಲೆ ಹಳೆಯ ಹಸಿರು ಟೊಪ್ಪಿ, ಕಿವಿಯವರೆಗೂ ಇಳಿದಿತ್ತು.

ಅವಳು ಎದ್ದು ಅವನನ್ನು ತಬ್ಬಿಕೊಂಡಳು. ಅವನ ಮೈಯಿಂದ ಹಿಟ್ಟಿನ ವಾಸನೆ ಬರಲಿಲ್ಲ. ಅವನು ಅವಳ ತೋಳಿನಿಂದ ಬಿಡಿಸಿಕೊಂಡು, ಬೇರೆಯವರ ಅನುಮತಿ ಕೇಳುವ ಅಭ್ಯಾಸವೇ ಇಲ್ಲದವನಂತೆ ಕುರ್ಚಿಯೊಂದನ್ನು ಎಳೆದು ಮೇಜಿಗೆ ಕೂತ. ಮೊಣಕೈ ಊರಿ ಇಬ್ಬರು ಗಂಡಸರನ್ನೂ ನೋಡಿ ನಕ್ಕ. ಅವಳು ಎತ್ತಿ ಆಡಿಸಿದ ತಮ್ಮ ಎಂದೂ ಹಾಗೆ ನಕ್ಕಿರಲಿಲ್ಲ. ಮುದುಕನೊಬ್ಬನ ಟೊಪ್ಪಿ ಕಿತ್ತುಕೊಂಡು ಓಡಿದವನು ಹಾಗೆ ನಗುತ್ತಾನೆ.

"ಬರೀ ಟೊಪ್ಪಿನಾ ಅಕ್ಕ?" ಎಂದ ಅವನು. "ಅಷ್ಟಕ್ಕೇ ಮುಗೀತು ಅಂದ್ಕೊಂಡ್ಯಾ? ಆ ಮುದುಕ ಸುಲಭಕ್ಕೆ ಬಿಡ್ಲಿಲ್ಲ."

ಡ್ರೈವರು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಕನ್ನಡಕದವನು ಕನ್ನಡಕ ಹಾಕಿಕೊಂಡು, ಹೇಳು ಹೇಳು ಎಂಬಂತೆ ಬಗ್ಗಿದ.

"ನಾನೇನ್ ಮಾಡ್ದೆ ಗೊತ್ತಾ…"

ಬಾವುಟದಕ್ಕ ಕತ್ತರಿ ಬಿಸಾಕಿ ಹಿಂದಿನಿಂದ ಎರಡೂ ಕೈಯಲ್ಲಿ ಅವನ ಬಾಯಿ ಮುಚ್ಚಿದಳು. ಅವನು ಬಿಡಿಸಿಕೊಳ್ಳಲು ಹೆಣಗಲಿಲ್ಲ. ತಲೆಯನ್ನು ಅವಳ ಎದೆಗೆ ಒರಗಿಸಿ, ಚಿಕ್ಕಂದಿನಲ್ಲಿ ಕಥೆ ಕೇಳುವಾಗ ಒರಗುತ್ತಿದ್ದ ಹಾಗೇ, ಹಾಯಾಗಿ ಕೂತ. ಅವಳ ಅಂಗೈಯ ಕೆಳಗೆ ಅವನ ತುಟಿಗಳು ಮಾತ್ರ ಬಿಸಿಯಾಗಿ, ನಿಧಾನವಾಗಿ, ಅವಸರವೇ ಇಲ್ಲದೆ ಆಡುತ್ತಲೇ ಇದ್ದವು.